ಖಾಲಿ ಇದ್ದರೆ ಸೊನ್ನೆ

ನಾನು ಬರೆದ ಸಾವಿರಾರು ಸಾಲುಗಳಲ್ಲಿ ಅದೇ ಅತಿ ಚಿಕ್ಕದು. ಖಾಲಿ ಇದ್ದರೆ ಸೊನ್ನೆ ಎಂದು ತಿಳಿ. ಕಂಪ್ಯೂಟರಿಗೆ ಅರ್ಥವಾಗುವ ಭಾಷೆಯಲ್ಲಿ ಅದಕ್ಕೆ ಒಂದು ಸಾಲೂ ಪೂರ್ತಿ ಬೇಡ. ಬರೆಯಲು ಅರ್ಧ ನಿಮಿಷ ಹಿಡಿದಿರಬಹುದು. ಬರೆದದ್ದು ಸಿಟ್ಟಿನಲ್ಲಿ, ಆ ಸಿಟ್ಟು ಬಂದದ್ದು ನನ್ನ ಅಕ್ಕನ ಮೇಲೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನೆಂಟರಿಷ್ಟರಿಗೆ ಹೇಳಿ ಹೇಳಿ ಸಾಕಾಗಿದೆ, ಇನ್ನೊಂದು ಸಲ ಹೇಳಿದರೆ ಗಂಟೇನೂ ಹೋಗುವುದಿಲ್ಲ. ಆರೋಗ್ಯ ಇಲಾಖೆಯ ಮೂರನೇ ಮಹಡಿಯಲ್ಲಿ, ಹಳೆ ಕಡತಗಳ ಕೋಣೆಗೆ ಹಲಗೆ ಅಡ್ಡ ಹೊಡೆದು ಮಾಡಿಕೊಟ್ಟ ಜಾಗದಲ್ಲಿ ಕೂತು, ರೋಗ ನಾಳೆ ಯಾವ ಊರಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತೇನೆ. ರೋಗಕ್ಕೆ ಸ್ವಂತ ಕಾಲಿಲ್ಲ, ಜನರ ಕಾಲಲ್ಲೇ ನಡೆಯಬೇಕು. ಎರಡು ಊರುಗಳು ದೊಡ್ಡವಾದಷ್ಟೂ ಅವುಗಳ ನಡುವೆ ಓಡಾಟ ಹೆಚ್ಚು, ದೂರವಾದಷ್ಟೂ ಕಡಿಮೆ. ಇದನ್ನು ಸಮೀಕರಣವಾಗಿ ಬರೆದಿಟ್ಟಿದ್ದೇನೆ. ಜಿಲ್ಲೆಯ ಇನ್ನೂರ ಹದಿನಾಲ್ಕು ಉಪಕೇಂದ್ರಗಳ ನರ್ಸುಗಳು ದಿನಾ ಸಂಜೆ ನಾಲ್ಕಕ್ಕೆ, ಇವತ್ತು ಹೊಸ ರೋಗಿಗಳು ಎಷ್ಟು ಎಂದು ಫೋನಿನಲ್ಲಿ ಒಂದು ಅಂಕಿ ಒತ್ತಿ ಕಳಿಸುತ್ತಾರೆ. ಐದಕ್ಕೆ ನನ್ನ ನಕಾಶೆಗೆ ಬಣ್ಣ ಬರುತ್ತದೆ. ಕೆಂಪೆಂದರೆ ರೋಗ ಬಂದಿದೆ, ಹಳದಿಯೆಂದರೆ ದಾರಿಯಲ್ಲಿದೆ, ಬಿಳಿಯೆಂದರೆ ನಿಶ್ಚಿಂತೆ. ಇಷ್ಟೆಲ್ಲ ವಿವರಿಸಿದ ಮೇಲೆ ನನ್ನ ಮಾವನವರು ಒಮ್ಮೆ ಕೇಳಿದ್ದರು, "ಅಂದ್ರೆ ಕಣಿ ಹೇಳ್ತೀರಿ ಅನ್ನಿ."

ಇನ್ನೂರ ಹದಿನಾಲ್ಕರಲ್ಲಿ ಒಂದು ಗಣಿ ಕಾಲೋನಿ. ಕಣಿವೆಯ ಆಚೆ, ಕಲ್ಲು ಒಡೆಯುವವರ ನೂರಿಪ್ಪತ್ತು ತಗಡಿನ ಮನೆಗಳು, ಕೊನೆಯಲ್ಲಿ ಎರಡು ಕೋಣೆಯ ಉಪಕೇಂದ್ರ. ಅಲ್ಲಿಯ ನರ್ಸ್ ನನ್ನ ಅಕ್ಕ.

ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಆರು. ಅಪ್ಪ ಪಾಳಿ ಮೇಲೆ ವರ್ಕ್‌ಶಾಪಿಗೆ ಹೋಗುವವರು, ಮನೆಯಲ್ಲಿ ಇದ್ದಾಗ ನಿದ್ದೆಯಲ್ಲಿ ಇರುವವರು. ನನಗೆ ಲೆಕ್ಕ ಕಲಿಸಿದವಳು ಅಕ್ಕ, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳನ್ನು ಇಟ್ಟುಕೊಂಡು. ಮುಷ್ಟಿ ಮುಂದೆ ಚಾಚಿ "ಎಷ್ಟಿದೆ ಹೇಳು" ಎನ್ನುವಳು. ನಾನು ಸೋಮಾರಿ, "ಸೊನ್ನೆ" ಎಂದುಬಿಡುತ್ತಿದ್ದೆ. ಬೆರಳ ಗಂಟಿನ ಮೇಲೆ ಒಂದು ಪೆಟ್ಟು ಬೀಳುತ್ತಿತ್ತು. "ಬಿಚ್ಚಿ ನೋಡಿದ್ಮೇಲೆ ಏನೂ ಇಲ್ದಿದ್ರೆ ಸೊನ್ನೆ. ಬಿಚ್ಚೋವರೆಗೂ ಗೊತ್ತಿಲ್ಲ ಅನ್ಬೇಕು." ಮದುವೆ ಆಗಲಿಲ್ಲ ಅವಳು. ನನ್ನ ಕಾಲೇಜು ಮುಗಿಯುವಷ್ಟರಲ್ಲಿ ಅವಳಿಗೆ ಮೂವತ್ತು ದಾಟಿತ್ತು. ನಾನು ಅದನ್ನು ಆಗ ಗಮನಿಸಲೂ ಇಲ್ಲ.

ಎರಡು ವರ್ಷದ ಹಿಂದೆ, ನಕಾಶೆಯ ಕೆಲಸ ಶುರುವಾದ ಹೊಸತರಲ್ಲಿ, ಗಣಿ ಕಾಲೋನಿಯ ಅಂಕಿ ವಾರದಲ್ಲಿ ಎರಡು ದಿನ ಬಂದರೆ ಐದು ದಿನ ಬರುತ್ತಿರಲಿಲ್ಲ. ಅಂಕಿ ಇಲ್ಲದ ಕಡೆ ಪ್ರೋಗ್ರಾಮ್ ಮುಗ್ಗರಿಸಿ ನಿಲ್ಲುತ್ತಿತ್ತು. ಕಚೇರಿಯಲ್ಲಿ ಎಲ್ಲರ ಎದುರಿಗೇ ಫೋನ್ ಮಾಡಿದೆ. ಹತ್ತು ಸಲ ಹಚ್ಚಿದ ಮೇಲೆ ಸಿಕ್ಕಳು.

"ಯಾರಿಗೂ ಏನೂ ಆಗಿಲ್ಲ ಕಣೋ," ಎಂದಳು. "ಇಲ್ಲದ್ದಕ್ಕೆ ಏನಂತ ಬರೀಲಿ?"

"ಸೊನ್ನೆ ಅಂತ ಬರಿ."

"ಇಲ್ಲಿ ಸಿಗ್ನಲ್ ಸರಿಯಾಗಿ ಸಿಗೋದು ನೀರಿನ ಟ್ಯಾಂಕಿನ ದಿಬ್ಬದ ಮೇಲೆ. ಬರೀ ಸೊನ್ನೆ ಕಳ್ಸೋಕೆ ದಿನಾ ಅದನ್ನ ಹತ್ಬೇಕಾ? ನನ್ನ ಮೊಣಕಾಲು ನೀನು ಕೊಡಿಸ್ತೀಯಾ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದಂತೆ ಅಂದೆ. "ಮುಷ್ಟಿ ಬಿಚ್ಚಿ ತೋರಿಸ್ದೆ ಸೊನ್ನೆ ಅನ್ನೋ ಹಾಗಿಲ್ಲ ಅಂತ ಹೊಡೆದು ಕಲಿಸಿದ್ದು ನೀನೇ ತಾನೆ? ನಿನ್ನೊಬ್ಬಳಿಂದ ಇಡೀ ಜಿಲ್ಲೆ ಲೆಕ್ಕ ಹಾಳಾಗ್ತಿದೆ. ಇಲ್ಲಿ ನನ್ನ ಮರ್ಯಾದೆ ಹೋಗ್ತಿದೆ."

"ಆಯ್ತು ಬಿಡಿಯಪ್ಪ. ನೀವು ದೊಡ್ಡೋರು," ಎಂದು ಫೋನಿಟ್ಟಳು. ಹೆತ್ತವಳ ಹಾಗೆ ಸಾಕಿದವಳು ಬಹುವಚನ ಹಚ್ಚಿದರೆ ಎಷ್ಟು ಉರಿಯುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಇವಳು ಸುಧಾರಿಸುವ ಪೈಕಿ ಅಲ್ಲ ಎಂದುಕೊಂಡು, ಅವತ್ತೇ ಆ ಸಾಲು ಬರೆದೆ. ಖಾಲಿ ಇದ್ದರೆ ಸೊನ್ನೆ. ಪ್ರೋಗ್ರಾಮ್ ಮತ್ತೆ ಮುಗ್ಗರಿಸಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು, ಹೇಳಲು ನಾಚಿಕೆಯಾದರೂ. ನರ್ಸುಗಳಿಗೆ ಕೊಟ್ಟ ಕೈಪಿಡಿಯನ್ನು ಬರೆದವನೂ ನಾನೇ. ಅದರ ಒಂಬತ್ತನೇ ಪುಟದಲ್ಲಿ ಒಂದು ನಿಯಮವಿದೆ: ಎರಡು ದಿನ ಅಂಕಿ ಬಾರದಿದ್ದರೆ, ಮೂರನೇ ದಿನ ಬೆಳಿಗ್ಗೆ ಕಚೇರಿಯಿಂದ ವ್ಯಾನು ಹೋಗಿ ನೋಡಬೇಕು. ಅಂಕಿ ಬಾರದ ಊರುಗಳ ಪಟ್ಟಿಯನ್ನು ಯಂತ್ರವೇ ಬೆಳಿಗ್ಗೆ ಮುದ್ರಿಸುತ್ತಿತ್ತು. ಆ ಸಾಲು ಬರೆದ ಮಾರನೆಯ ದಿನದಿಂದ ಪಟ್ಟಿ ಖಾಲಿ ಬರತೊಡಗಿತು. ಸೊನ್ನೆ ತುಂಬಿದ ಮೇಲೆ ಯಾವ ಊರೂ ಖಾಲಿ ಇಲ್ಲವಲ್ಲ. ನಮ್ಮ ದೊಡ್ಡ ಡಾಕ್ಟರು, ಅಂದರೆ ಇಲಾಖೆಯ ಮುಖ್ಯಸ್ಥರು, ಸಭೆಯಲ್ಲಿ ನನ್ನ ಬೆನ್ನು ತಟ್ಟಿದರು. "ನೂರಕ್ಕೆ ನೂರು ವರದಿ. ನರ್ಸುಗಳಿಗೆ ಅದೇನು ಮಂತ್ರ ಹಾಕಿದ್ರಿ?" ನಾನು ನಕ್ಕು ಸುಮ್ಮನಾದೆ. ಹೊಗಳಿಕೆ ಯಾರಿಗೆ ಕಹಿ?

ಅಕ್ಕನೊಡನೆ ಮಾತು ಬಿಟ್ಟಿರಲಿಲ್ಲ, ಆಡುತ್ತಿರಲಿಲ್ಲ ಅಷ್ಟೆ. ವರ್ಷಕ್ಕೆ ಎರಡೋ ಮೂರೋ ಸಲ "ಚೆನ್ನಾಗಿದೀಯಾ", "ಹೂಂ, ನೀನು?" ಎನ್ನುವಷ್ಟು. ಆದರೆ ಐದು ಗಂಟೆಗೆ ನಕಾಶೆ ಬಂದೊಡನೆ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಮೇಲಿನ ಎಡ ಮೂಲೆಯ ಆ ಪುಟ್ಟ ಚೌಕಕ್ಕೆ. ಬಿಳಿ ಇದ್ದರೆ ಅಕ್ಕ ಚೆನ್ನಾಗಿದ್ದಾಳೆ. ಹೆಚ್ಚುಕಡಿಮೆ ದಿನಾ ಬಿಳಿ ಇರುತ್ತಿತ್ತು. ಫೋನ್ ಮಾಡದಿರುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಬೇಕೆ?

ಈ ಸಲ ಬಂದದ್ದು ಗಂಟಲಮಾರಿ. ಗಂಟಲೊಳಗೆ ಬೂದು ಪೊರೆ ಕಟ್ಟಿ ಉಸಿರು ಹಿಡಿಯುತ್ತದೆ, ಅದರ ವಿಷ ಹೃದಯಕ್ಕೆ ಇಳಿಯುತ್ತದೆ. ಮಕ್ಕಳೇ ಹೆಚ್ಚು. ಹಳೆಯ ಲಸಿಕೆಯ ಬಲ ತೀರಿದ ದೊಡ್ಡವರನ್ನೂ ಬಿಡುವುದಿಲ್ಲ. ವಿಷ ಇಳಿಸಲು ಸೀರಂ ಇದೆ, ಆದರೆ ಮೊದಲ ಒಂದೆರಡು ದಿನದಲ್ಲೇ ಕೊಡಬೇಕು. ಇಡೀ ಜಿಲ್ಲೆಗೆ ಇದ್ದದ್ದು ನಲವತ್ತು ಸೀಸೆ, ಒಬ್ಬರಿಗೇ ಎರಡು ಮೂರು ಬೇಕಾಗುತ್ತಿತ್ತು. ಒಯ್ಯಲು ಇದ್ದದ್ದು ಎರಡು ವ್ಯಾನು. ಎಲ್ಲಿಗೆ ಕಳಿಸಬೇಕೆಂದು ಹೇಳುವುದು ನನ್ನ ನಕಾಶೆ.

ಬುಧವಾರ ಬೆಳಿಗ್ಗೆ ಸಭೆ ಸೇರಿತು. ಮಿಲ್ ಇರುವ ಊರು ಕೆಂಪು, ಬಸ್ಸುಗಳು ಕೂಡುವ ಜಂಕ್ಷನ್ ಊರು ಕೆಂಪು. ನನ್ನ ಜೊತೆ ಕೆಲಸ ಮಾಡುವ, ನಾವೆಲ್ಲ ನಕಾಶೆ ಮೇಡಂ ಎಂದೇ ಕರೆಯುವ ಹೆಂಗಸು, ಪೆನ್ಸಿಲಿನ ತುದಿಯನ್ನು ಎಡ ಮೂಲೆಗೆ ಒತ್ತಿದರು.

"ಸರ್, ಶನಿವಾರ ಗಣಿ ಕಾಲೋನಿ ಹಳದಿ ಬಂದಿತ್ತು. ಮಿಲ್ ಊರಿಂದ ಅಲ್ಲಿಗೆ ಕೂಲಿಯವರ ಲಾರಿ ಹೋಗುತ್ತೆ, ಹತ್ತಿರದ ದಾರಿ ಅದು. ಭಾನುವಾರದಿಂದ ಬೆಳ್ಳಗಾಗಿಬಿಟ್ಟಿದೆ. ಸುತ್ತ ಎಲ್ಲ ಹಳದಿ ಇರೋವಾಗ ಅದೊಂದೇ ಬಿಳಿ ಅಂದ್ರೆ…"

"ಅಂದ್ರೆ ಅಲ್ಲಿಗೆ ಹೋಗಿಲ್ಲ ಅಂತ," ಎಂದೆ. "ಶನಿವಾರ ಬರಬಹುದು ಅಂತ ಯಂತ್ರ ಊಹಿಸಿತ್ತು. ಮೂರು ದಿನ ಸಾಲಾಗಿ ಸೊನ್ನೆ ಬಂದಿದೆ, ಊಹೆ ಕೈಬಿಟ್ಟಿದೆ. ಅದು ಕೆಲಸ ಮಾಡೋದೇ ಹಾಗೆ. ಬಿಳಿ ಕಂಡ್ರೂ ಹೊಟ್ಟೆಕಿಚ್ಚಾ ನಿಮಗೆ?"

ಒಂದಿಬ್ಬರು ನಕ್ಕರು. ಮೇಡಂ ಪೆನ್ಸಿಲು ತೆಗೆದರು. ದೊಡ್ಡ ಡಾಕ್ಟರು ಕನ್ನಡಕ ಏರಿಸಿಕೊಂಡು ನನ್ನನ್ನೇ ನೋಡಿದರು. "ಒಂದು ವ್ಯಾನು ಅಲ್ಲಿಗೆ ಹೋಗಿ ಬರೋಕೆ ಪೂರ್ತಿ ದಿನ ಬೇಕು. ನಿಮಗೆ ಧೈರ್ಯ ಇದೆಯಾ?"

"ಅಲ್ಲಿ ನರ್ಸ್ ನನ್ನ ಅಕ್ಕ ಸರ್. ಏನಾದ್ರೂ ಇದ್ದಿದ್ರೆ ಊರಿಗೇ ಕೇಳೋ ಹಾಗೆ ಕೂಗಿರೋಳು."

ಹನ್ನೊಂದು ಗಂಟೆಗೆ ಎರಡೂ ವ್ಯಾನುಗಳು ಹೊರಟವು. ಒಂದು ಮಿಲ್ ಊರಿಗೆ, ಒಂದು ಜಂಕ್ಷನ್ನಿಗೆ.

ಮೂರು ಗಂಟೆಗೆ ನನ್ನ ಫೋನಿಗೆ ಗುರುತಿಲ್ಲದ ನಂಬರು ಬಂತು. ಹೆಂಗಸಿನ ದನಿ, ಏದುಸಿರು, ಹಿಂದೆ ಗಾಳಿಯ ಸದ್ದು.

"ಸಾರ್, ನಾನು ಗಣಿ ಕಾಲೋನಿ ಆಸ್ಪತ್ರೆ ಆಯಾ. ನರ್ಸಮ್ಮನ ಹತ್ರ ಕೆಲಸ ಮಾಡೋಳು. ನೀವು ಎಲ್ಲಿವರೆಗೆ ಬಂದ್ರಿ?"

"ಎಲ್ಲಿಗೆ ಬರೋದು?"

"ವ್ಯಾನು ಸಾರ್. ನರ್ಸಮ್ಮ ಸೋಮವಾರದಿಂದ ಹೇಳ್ತಾನೇ ಇದಾರೆ, ನಮ್ಮ ತಮ್ಮ ಹೊರಟಿರ್ತಾನೆ ಅಂತ. ಕಾಣ್ಲಿಲ್ಲ ಅಂತ ನಾನೇ ಕಣಿವೆ ಹತ್ತಿ ಬಂದೆ. ದಾರೀಲಿ ಎಲ್ಲಾದ್ರೂ ಕೆಟ್ಟು ನಿಂತಿರಬಹುದು ಅಂತ."

ಆಯಾ ಹೇಳಿದ್ದನ್ನು ಕೂಡಿಸಿದರೆ ಆದದ್ದಿಷ್ಟು. ಶನಿವಾರ ಸಂಜೆ ನಾಲ್ಕರವರೆಗೆ ಕಾಲೋನಿಯಲ್ಲಿ ಯಾರಿಗೂ ಏನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಮೂರು ಮಕ್ಕಳು ಗಂಟಲು ಹಿಡಿದುಕೊಂಡು ಬಂದವು. ರೋಗದ ಹೆದರಿಕೆಗೆ ಅದೇ ದಿನ ಗಣಿ ಮುಚ್ಚಿತು, ಜನರೇಟರ್ ನಿಂತಿತು, ಅದರ ಕರೆಂಟಿನಲ್ಲಿ ನಡೆಯುತ್ತಿದ್ದ ಫೋನ್ ಟವರೂ ಸತ್ತಿತು. ಲಾರಿಗಳು ನಿಂತವು. ಅಕ್ಕ ನಾಲ್ಕಕ್ಕೆ ಟ್ಯಾಂಕಿನ ದಿಬ್ಬ ಹತ್ತಿದಳು, ಅಂಕಿ ಹೋಗಲಿಲ್ಲ. ಇಳಿದು ಬಂದು ಮಕ್ಕಳನ್ನು ನೋಡಿಕೊಂಡಳು. ಸೋಮವಾರ ಅವಳಿಗೇ ಜ್ವರ. ಮಂಗಳವಾರ ದನಿ ಹೋಯಿತು. ಕಣಿವೆ ಹತ್ತಿ ಹೋಗಿ ಫೋನ್ ಮಾಡಿ ಬರುತ್ತೇನೆಂದು ಆಯಾ ಅವತ್ತೇ ಎಂದಳಂತೆ. ಹದಿನೇಳು ಮೈಲಿ ನಡಿಗೆ, ಇಲ್ಲಿ ಎಂಟು ಮಕ್ಕಳು ಮಲಗಿವೆ, ನೀನು ಹೋದರೆ ನೀರು ಕೊಡುವವರಿಲ್ಲ, ಅವನಿಗೆ ಈಗಾಗಲೇ ಗೊತ್ತಾಗಿರುತ್ತದೆ ಎಂದು ಅಕ್ಕ ಪಿಸುದನಿಯಲ್ಲೇ ತಡೆದಳಂತೆ.

"ಹೇಗಿದಾಳೆ?" ಎಂದೆ.

"ಬೆಳಿಗ್ಗೆ ನಾ ಹೊರಡೋವಾಗ ಉಸಿರು ಎಳ್ಕೋತಿದ್ರು ಸಾರ್. ಬೇಗ ಬನ್ನಿ."

ಕೈಕಾಲು ಆಡಲಿಲ್ಲ ಎನ್ನುತ್ತಾರಲ್ಲ, ಆ ಐಷಾರಾಮಕ್ಕೂ ಹೊತ್ತಿರಲಿಲ್ಲ. ನಕಾಶೆ ಮೇಡಂ ನನ್ನ ಮುಖ ನೋಡಿಯೇ ಎರಡೂ ವ್ಯಾನುಗಳಿಗೆ ಫೋನ್ ಹಚ್ಚಿದರು. ಮಿಲ್ ಊರಲ್ಲಿ ಸೀರಂ ಪೂರ್ತಿ ಮುಗಿದಿತ್ತು. ಜಂಕ್ಷನ್ನಿನಲ್ಲಿ ಹನ್ನೊಂದು ಸೀಸೆ ಉಳಿದಿತ್ತು. "ಅದನ್ನ ಮುಟ್ಬೇಡಿ, ಗಾಡಿ ತಿರುಗಿಸಿ," ಎಂದರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಇಲಾಖೆಯ ಜೀಪಿನಲ್ಲಿ ಹೊರಟೆ. ಕಣಿವೆಯ ಕೆಳಗೆ ವ್ಯಾನು ಸೇರಿಕೊಂಡಿತು, ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದ ಆಯಾಳನ್ನು ಹತ್ತಿಸಿಕೊಂಡೆವು. ಐವತ್ತರ ಹೆಂಗಸು, ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. ದಾರಿಯುದ್ದಕ್ಕೂ ನನ್ನ ತಲೆ ಅದೇ ದರಿದ್ರ ಕೆಲಸ ಮಾಡುತ್ತಿತ್ತು: ಸೋಮವಾರ ಜ್ವರ, ಇವತ್ತು ಮೂರನೇ ದಿನ, ಸೀರಂ ಕೆಲಸ ಮಾಡುವ ಸಂಭವ ಇಷ್ಟು, ನಿನ್ನೆ ಬೆಳಿಗ್ಗೆ ಹೊರಟಿದ್ದರೆ ಇಷ್ಟು. ಒಂಬತ್ತನೇ ಪುಟದ ಪ್ರಕಾರ ವ್ಯಾನು ಹೊರಡಬೇಕಾಗಿದ್ದದ್ದು ಮಂಗಳವಾರ ಬೆಳಿಗ್ಗೆ, ಬೇರೆಲ್ಲಿಗೂ ಅಲ್ಲ, ಇಲ್ಲಿಗೇ. ಸಾಯಲಿ ಎನಿಸಿತು ಲೆಕ್ಕ, ಆದರೆ ನಿಲ್ಲಲಿಲ್ಲ.

ಉಪಕೇಂದ್ರದ ಮುಂದೆ ನಾವು ಇಳಿದಾಗ ಇನ್ನೂ ಬೆಳಕಿತ್ತು. ಜಗಲಿಯ ಮೇಲೆ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಯಾರೂ ಏಳಲಿಲ್ಲ. ಒಬ್ಬಳು ಒಳಗೆ ಹೋಗಿ ಎಂದು ಕತ್ತಿನಲ್ಲೇ ತೋರಿಸಿದಳು.

ಒಳಗೆ ಅಕ್ಕನ ಮುಖದ ಮೇಲೆ ಬಟ್ಟೆ ಹಾಕಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಹೋದಳಂತೆ. ಆಯಾ ನನಗೆ ಫೋನ್ ಮಾಡುವುದಕ್ಕೂ ಒಂದು ಗಂಟೆ ಮುಂಚೆ.

ನಾನು ಬಟ್ಟೆ ಸರಿಸಿ ನೋಡಿದೆ. ಕುತ್ತಿಗೆ ಊದಿ ಗುರುತೇ ಸಿಗದ ಹಾಗಿತ್ತು. ಬಲಗೈ ಮುಷ್ಟಿ ಕಟ್ಟಿತ್ತು. ಬಿಚ್ಚಲು ನನಗೆ ಧೈರ್ಯ ಬರಲಿಲ್ಲ. ನೆಲಕ್ಕೆ ಕೂತು ಅತ್ತೆ. ನಲವತ್ತೆಂಟು ವರ್ಷದ ಗಂಡಸು ಹಾಗೆ ಅಳುವುದನ್ನು ನೋಡಲಾರದೆ ವ್ಯಾನಿನ ಡಾಕ್ಟರು ಸೀರಂ ಪೆಟ್ಟಿಗೆ ಹೊತ್ತು ಜಗಲಿಗೆ ಹೋದರು. ಎರಡು ಮಕ್ಕಳು ಆಗಲೇ ತೀರಿದ್ದವು. ಉಳಿದ ಆರಕ್ಕೆ ಹನ್ನೊಂದು ಸೀಸೆಯನ್ನು ಹೇಗೋ ಹಂಚಿ ಸರಿಹೊಂದಿಸಿದರು. ಅಕ್ಕನಿಗೆಂದು ಒಂದೂ ಉಳಿಯುತ್ತಿರಲಿಲ್ಲ.

ಆಯಾ ನನಗೆ ಒಂದು ಲೋಟ ನೀರು ಕೊಟ್ಟು, ಮೇಜಿನ ಮೇಲಿನ ರಿಜಿಸ್ಟರನ್ನು ತಂದು ಪಕ್ಕಕ್ಕಿಟ್ಟಳು. "ನೀವು ಬಂದ್ಮೇಲೆ ಇದನ್ನ ಕೊಡು ಅಂದಿದ್ರು."

ಭಾನುವಾರದ ಸಾಲಿನಲ್ಲಿ ಮೂರು ಮಕ್ಕಳು, ವಯಸ್ಸು, ಮನೆ ನಂಬರು. ಸೋಮವಾರ ನಾಲ್ಕು. ನಾಲ್ಕನೆಯದು, "ಹೆಂಗಸು, ೫೬, ನರ್ಸ್." ಅವಳದೇ ಅಕ್ಷರ, ಗುಂಡಗೆ, ಅಲುಗದೆ. ಮಂಗಳವಾರ ಎರಡು, ಅಕ್ಷರ ಇಳಿಜಾರು. ಬುಧವಾರ ಬರೀ ತಾರೀಖು.

ನಾನು ಹಿಂದಿನ ಪುಟಕ್ಕೆ ತಿರುಗಿಸಿದೆ. ಶನಿವಾರ: ಸೊನ್ನೆ, ಕಳಿಸಿದೆ. ಶುಕ್ರವಾರ: ಸೊನ್ನೆ, ಕಳಿಸಿದೆ. ಗುರುವಾರ: ಸೊನ್ನೆ, ಕಳಿಸಿದೆ. ಇನ್ನೂ ಹಿಂದಕ್ಕೆ ಹೋದೆ. ಪುಟ ಪುಟವೂ ಹಾಗೇ.

"ಇದೇನಮ್ಮ," ಎಂದೆ. "ಏನೂ ಇಲ್ದಿದ್ರೆ ಅವಳು ಕಳಿಸ್ತಾ ಇರಲಿಲ್ವಲ್ಲ?"

"ಯಾರು ಹೇಳಿದ್ದು ಸಾರ್?" ಆಯಾಳಿಗೆ ಅಚ್ಚರಿ. "ಎರಡು ವರ್ಷದಿಂದ ಒಂದಿನ ಬಿಟ್ಟಿಲ್ಲ. ಮೊಣಕಾಲಿಗೆ ಪಟ್ಟಿ ಕಟ್ಕೊಂಡು, ಒಂದು ಕೋಲು ಹಿಡ್ಕೊಂಡು, ನಾಲ್ಕು ಹೊಡೆಯೋಕೆ ಮುಂಚೆ ದಿಬ್ಬದ ಮೇಲಿರೋರು. ಸೊನ್ನೆ ಒತ್ತಿ ಇಳಿದು ಬಂದು 'ನನ್ನ ತಮ್ಮನಿಗೆ ಹೇಳಾಯ್ತು' ಅನ್ನೋರು. ಮಾತಾಡ್ಬಾರ್ದಾ ಅಂದ್ರೆ, 'ಮಾತಾಡಿದ್ರೆ ಜಗಳ ಆಗುತ್ತೆ ಕಣೆ, ಅವನು ದಿನಾ ನೋಡ್ತಾನೆ, ಅಷ್ಟು ಸಾಕು' ಅನ್ನೋರು. ಅದಕ್ಕೇ ಸಾರ್ ಅಷ್ಟು ಗಟ್ಟಿಯಾಗಿ ಹೇಳ್ತಿದ್ದದ್ದು, ಒಂದಿನ ಸೊನ್ನೆ ಹೋಗ್ದಿದ್ರೆ ಅವನು ಓಡಿ ಬರ್ತಾನೆ ಅಂತ."

ಹೌದಮ್ಮ ಎಂದೆ.

ಕಚೇರಿಗೆ ಮರಳಿದ ಮೇಲೆ ಮೊದಲ ಸಲ ಮೂಲ ಹಾಳೆಯನ್ನು ತೆರೆದೆ, ಸೊನ್ನೆ ತುಂಬುವ ಮುಂಚಿನದು. ಇನ್ನೂರ ಹದಿನಾಲ್ಕು ಸಾಲುಗಳಲ್ಲಿ ಅಲ್ಲಲ್ಲಿ ತೂತು. ಯಾವ ಊರೂ ನೂರಕ್ಕೆ ನೂರು ಇರಲಿಲ್ಲ, ಗಣಿ ಕಾಲೋನಿಯೊಂದನ್ನು ಬಿಟ್ಟು. ನಾನು ಬೈದ ಮಾರನೆಯ ದಿನದಿಂದ ಆ ಶನಿವಾರದವರೆಗೆ ಏಳುನೂರ ಹದಿನಾರು ದಿನ. ನಡುವೆ ಎಲ್ಲೋ ಒಂದು, ಎರಡು, ಉಳಿದದ್ದೆಲ್ಲ ಸೊನ್ನೆ. ಆಮೇಲೆ ಬುಧವಾರದ ಸಭೆಯವರೆಗೆ ಮೂರು ಖಾಲಿ ಚೌಕಗಳು. ಲೆಕ್ಕ ಬಾರದವನಿಗೂ ಅದು ಕಣ್ಣಿಗೆ ಹೊಡೆಯುತ್ತಿತ್ತು. ಲೆಕ್ಕ ಬಂದವನು ಎರಡನ್ನೂ ಒಂದೇ ಮಾಡಿಟ್ಟಿದ್ದ.

ವಿಚಾರಣೆಗೆ ಒಂದು ಪುಟದ ವರದಿ ಬೇಕೆಂದು ಮೇಲಿನವರು ಕೇಳಿದ್ದರು. ದೊಡ್ಡ ಡಾಕ್ಟರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಕರಡನ್ನು ಅವರೇ ಸಿದ್ಧ ಮಾಡಿಸಿದ್ದರು. ಕಾರಣ ಎಂಬ ಕಡೆ ಹೀಗಿತ್ತು: ಉಪಕೇಂದ್ರದ ನರ್ಸ್ ಮೂರು ದಿನ ವರದಿ ಕಳಿಸದೇ ಇದ್ದುದರಿಂದ.

"ಸುಳ್ಳೇನೂ ಅಲ್ಲವಲ್ಲ," ಎಂದರು, ನನ್ನತ್ತ ನೋಡದೆ. "ಹೋದವರಿಗೆ ಇದರಿಂದ ಏನೂ ಆಗಲ್ಲ. ನಿಮಗೆ ಇನ್ನೂ ಹತ್ತು ವರ್ಷ ಸರ್ವೀಸ್ ಇದೆ. ಸಹಿ ಹಾಕಿ ಮನೆಗೆ ಹೋಗಿ ಮಲಗಿ."

"ಅವಳು ಕಳಿಸಿದ್ಲು ಸರ್," ಎಂದೆ. "ನನಗೆ ಓದೋಕೆ ಬರಲಿಲ್ಲ."

ಆ ವಾಕ್ಯವನ್ನು ಹೊಡೆದು ಹಾಕಿ, ಕೆಳಗೆ ನನ್ನ ಆ ಚಿಕ್ಕ ಸಾಲನ್ನು ಬರೆದೆ, ಬರೆದ ತಾರೀಖು, ಬರೆದವನ ಹೆಸರು. ಮೂಲ ಹಾಳೆಯ ಒಂದು ಸಾಲನ್ನು ಮುದ್ರಿಸಿ ಲಗತ್ತಿಸಿದೆ. ಏಳುನೂರ ಹತ್ತೊಂಬತ್ತು ಚೌಕಗಳ ಸಾಲು, ಹಾಳೆಗಳನ್ನು ಅಂಟಿಸಿದಾಗ ಮೇಜಿನಿಂದ ಬಾಗಿಲವರೆಗೂ ಬಂತು. ದೊಡ್ಡ ಡಾಕ್ಟರು ಅದನ್ನು ದಾಟಿಕೊಂಡು ಹೊರಗೆ ಹೋದರು.

ಏನು ತೀರ್ಮಾನ ಮಾಡುತ್ತಾರೋ ಇನ್ನೂ ತಿಳಿದಿಲ್ಲ. ಸದ್ಯಕ್ಕೆ ನನ್ನ ಕುರ್ಚಿ ನನ್ನದೇ. ಆ ಸಾಲನ್ನು ಅಳಿಸಿದ್ದೇನೆ. ಈಗ ನಕಾಶೆಯಲ್ಲಿ ಬೂದು ಬಣ್ಣವೂ ಇದೆ, ಗೊತ್ತಿಲ್ಲ ಎಂದು ಅದರ ಅರ್ಥ. ಮೊದಲ ದಿನ ಮೂವತ್ತೆಂಟು ಊರು ಬೂದು ಬಂದವು. ನಕಾಶೆ ಮೇಡಂ ಮತ್ತು ನಾನು ಕೂತು ಒಂದೊಂದಕ್ಕೂ ಫೋನ್ ಮಾಡಿದೆವು. ಪಟ್ಟಿ ದಿನಾ ಬೆಳಿಗ್ಗೆ ಮತ್ತೆ ಮುದ್ರಣವಾಗುತ್ತಿದೆ, ಅತಿ ಹೆಚ್ಚು ದಿನ ಅಂಕಿ ಬಾರದ ಊರು ಎಲ್ಲಕ್ಕಿಂತ ಮೇಲೆ. ಗಣಿ ಕಾಲೋನಿಗೆ ಹೊಸ ನರ್ಸ್ ಇನ್ನೂ ಬಂದಿಲ್ಲ. ಹಾಗಾಗಿ ಇವತ್ತಿನ ಪಟ್ಟಿಯ ಮೊದಲ ಸಾಲು ಹೀಗಿತ್ತು: ಗಣಿ ಕಾಲೋನಿ, ಹತ್ತೊಂಬತ್ತು ದಿನದಿಂದ ಅಂಕಿ ಬಂದಿಲ್ಲ, ವ್ಯಾನು ಕಳಿಸಿ.

ನಾಳೆ ಇಪ್ಪತ್ತು ದಿನ ಎನ್ನುತ್ತದೆ. ಅದನ್ನು ನಿಲ್ಲಿಸಲು ಅರ್ಧ ನಿಮಿಷದ ಕೆಲಸ. ನಾನು ನಿಲ್ಲಿಸಿಲ್ಲ.